ಹಪ್ಪಳದ ದುಡ್ಡು ಜೂನ್‌ಗೆ ಬೇಕು

ಮೊನ್ನೆ ಬೆಂಗಳೂರಿಂದ ಒಬ್ಬರು ಫೋನ್ ಮಾಡಿದ್ದರು. ಊರ ಕಡೆಯ ತಿಂಡಿ, ಉಪ್ಪಿನಕಾಯಿ ಮಾರುವ ಹೊಸ ಅಂಗಡಿ ಅವರದ್ದು. ಒಳ್ಳೆ ಮನುಷ್ಯ. "ಮೇಡಂ, ನಿಮ್ಮ ಸಂಘದ ಹೆಂಗಸರಿಗೆ ಏನಾದರೂ ಸಹಾಯ ಮಾಡಬೇಕು ಅಂತಿದ್ದೇವೆ. ಒಂದು ಟ್ರೇನಿಂಗ್ ಇಡೋಣವಾ? ಎಲ್ಲರಿಗೂ ಒಂದೇ ಬಣ್ಣದ ಸೀರೆ ಕೊಡೋಣವಾ?" ಎಂದು ಕೇಳಿದರು. ಆಗ ನನಗೆ ಏನು ಹೇಳಬೇಕೋ ತೋಚಲಿಲ್ಲ. ರಾತ್ರಿ ಪಾತ್ರೆ ತೊಳೆಯುವಾಗ ತೋಚಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ದುಡ್ಡು ಹೊತ್ತಿಗೆ ಸರಿಯಾಗಿ ಕೊಡಿ. ಮಾಡಿದವಳ ಹೆಸರಿಗೇ ಕೊಡಿ. ನನಗೆ ಗೊತ್ತಿರುವ ಮಟ್ಟಿಗೆ ಮೊದಲ ಸಹಾಯ ಇದು. ಸೀರೆ ಆಮೇಲೆ ನೋಡೋಣ.

ನಾನು ಶಿರಸಿ ಹತ್ತಿರದ ಹಳ್ಳಿಯವಳು. ನಮ್ಮದು ಹದಿನಾಲ್ಕು ಹೆಂಗಸರ ಸಣ್ಣ ಸಂಘ. ಲೆಕ್ಕದ ಪುಸ್ತಕ ನನ್ನ ಹತ್ತಿರ ಇರುತ್ತದೆ. ಹಲಸಿನಕಾಯಿ ಹಪ್ಪಳ, ಮುರುಗಲು (ಕೋಕಂ) ಸಿಪ್ಪೆ, ಸ್ವಲ್ಪ ಅಪ್ಪೆಮಿಡಿ ಉಪ್ಪಿನಕಾಯಿ ಮಾಡುತ್ತೇವೆ. ಹೆಚ್ಚಿನವರ ಮನೆಯಲ್ಲಿ ಅರ್ಧ ಎಕರೆ, ಒಂದು ಎಕರೆ ಅಡಿಕೆ ತೋಟ. ಇಬ್ಬರಿಗೆ ಅದೂ ಇಲ್ಲ.

ಹಪ್ಪಳ ಮಾಡಿದವರಿಗೆ ಅದರ ಕಷ್ಟ ಗೊತ್ತು. ಸರಿಯಾಗಿ ಬಲಿತ ಕಾಯಿಯನ್ನೇ ನೋಡಿ ಕೊಯ್ಯಬೇಕು. ಹಣ್ಣಾಗಲು ಶುರುವಾಗಿದ್ದರೆ ಹಪ್ಪಳ ಕರಿಯುವಾಗ ಕೆಂಪಾಗುತ್ತದೆ. ಕೈಗೆ ಎಣ್ಣೆ ಹಚ್ಚಿಕೊಂಡು, ಮೇಣ ಒರೆಸಿ, ಸೊಳೆ ಬಿಡಿಸಿ, ಬೇಳೆ (ಬೀಜ) ತೆಗೆದು ಹಬೆಯಲ್ಲಿ ಬೇಯಿಸಬೇಕು. ಬಿಸಿ ಇರುವಾಗಲೇ ಒರಳಿಗೆ ಹಾಕಿ ಕುಟ್ಟಬೇಕು, ತಣಿದರೆ ಹಿಟ್ಟು ಕೂಡಿ ಬರುವುದಿಲ್ಲ. ಆಮೇಲೆ ಉಂಡೆ ಮಾಡಿ, ಒತ್ತಿ, ಚಾಪೆ ಮೇಲೆ ಹಾಕಿ, ಒಂದು ಬದಿ ಒಣಗಿದ ಮೇಲೆ ಒಂದೊಂದನ್ನೇ ಮಗುಚಬೇಕು. ಕಾಗೆ ಕಾಯಬೇಕು. ಮೋಡ ಕಂಡರೆ ಓಡಿ ಎತ್ತಬೇಕು. ಇದೆಲ್ಲ ಏಪ್ರಿಲ್, ಮೇ ಎರಡೇ ತಿಂಗಳಲ್ಲಿ ಮುಗಿಯಬೇಕು. ಜೂನ್ ಮೊದಲ ವಾರದ ಹೊತ್ತಿಗೆ ಮಿರ್ಗದ (ಮೃಗಶಿರಾ) ಮಳೆ ಶುರುವಾದರೆ ಅಲ್ಲಿಗೆ ಆ ವರ್ಷದ ಹಪ್ಪಳ ಮುಗಿಯಿತು.

ಎರಡು ವರ್ಷದ ಹಿಂದೆ ಬೆಂಗಳೂರಿನ ಬೇರೊಂದು ಅಂಗಡಿಯವರು, ಹೆಸರು ಬೇಡ, 600 ಕಟ್ಟು ಹಪ್ಪಳ ಬೇಕು ಎಂದರು. ಕಟ್ಟಿಗೆ 25 ಹಪ್ಪಳ, 90 ರೂಪಾಯಿ. ಒಟ್ಟು 54,000. ಅಷ್ಟು ದೊಡ್ಡ ಆರ್ಡರ್ ನಮಗೆ ಅದೇ ಮೊದಲು. ಖುಷಿಯಲ್ಲಿ ಕಾಗದ, ಒಪ್ಪಂದ ಅಂತ ಯಾರೂ ಕೇಳಲಿಲ್ಲ. ಮೇ 12ಕ್ಕೆ ಪ್ಯಾಕ್ ಮಾಡಿ ಬಸ್ಸಿಗೆ ಹಾಕಿದೆವು. ತಿಂಗಳೊಳಗೆ ಪೇಮೆಂಟ್ ಮಾಡುತ್ತೇವೆ ಎಂದಿದ್ದರು.

ದುಡ್ಡು ಬಂದಿದ್ದು ಸೆಪ್ಟೆಂಬರ್ 3ಕ್ಕೆ. ಅದೂ 47,800. ಉಳಿದ 6,200 ರೂಪಾಯಿ 'ಡ್ಯಾಮೇಜ್' ಎಂದು ಹಿಡಿದುಕೊಂಡಿದ್ದರು. ಎಷ್ಟು ಕಟ್ಟು ಒಡೆದಿತ್ತು, ಎಲ್ಲಿ ಒಡೆಯಿತು, ಒಂದು ಫೋಟೋ ಕೂಡ ಕಳಿಸಲಿಲ್ಲ.

ತಡವಾದರೂ ಬಂತಲ್ಲ ಎಂದು ಒಬ್ಬರು ನನಗೆ ಹೇಳಿದರು. ನಮ್ಮ ಕಡೆ ಜೂನ್ ಅಂದರೆ ಏನು ಎಂದು ಗೊತ್ತಿದ್ದವರು ಹಾಗೆ ಹೇಳುವುದಿಲ್ಲ. ಮಳೆ ಹಿಡಿಯುವ ಮೊದಲು ಅಡಿಕೆಗೆ ಬೋರ್ಡೋ ಔಷಧ ಹೊಡೆಸಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತಕ್ಕೆ ದುಡ್ಡು ಬೇಕು. ಮರ ಹತ್ತುವ ಕೊನೆಗೌಡನಿಗೆ ಅವತ್ತಿನ ಕೂಲಿ ಅವತ್ತೇ ಕೊಡಬೇಕು. 40-45 ದಿನ ಬಿಟ್ಟು ಇನ್ನೊಂದು ಸಲ ಹೊಡೆಸಬೇಕು. ತಪ್ಪಿದರೆ ಕೊಳೆ ರೋಗ. ಕೊಳೆ ಬಿದ್ದ ತೋಟಕ್ಕೆ ಬೆಳಿಗ್ಗೆ ಹೋದರೆ ಎಳೆ ಅಡಿಕೆ ಬಿಳಿ ಬೂಸು ಹಿಡಿದು ನೆಲದ ತುಂಬ ಬಿದ್ದಿರುತ್ತದೆ. ನೋಡಲಿಕ್ಕೆ ಆಗುವುದಿಲ್ಲ. ಮಕ್ಕಳ ಶಾಲೆ ಶುರುವಾಗುವುದೂ ಅದೇ ಹೊತ್ತಿಗೆ.

ನಮ್ಮ ಸಂಘದ ಒಬ್ಬ ಅಕ್ಕನಿಗೆ 20 ಗುಂಟೆ ತೋಟ. ಆ ವರ್ಷ ಹಪ್ಪಳದ ದುಡ್ಡಲ್ಲೇ ಔಷಧ ಹೊಡೆಸುತ್ತೇನೆ ಎಂದುಕೊಂಡಿದ್ದರು. ದಿನಾ ಸಂಜೆ ನಮ್ಮ ಮನೆ ದಣಪೆ ಹತ್ತಿರ ನಿಂತು "ದುಡ್ಡು ಬಂತನೇ ತಂಗಿ?" ಎಂದು ಕೇಳುತ್ತಿದ್ದರು. ಹದಿನೈದು ದಿನ ಕೇಳಿದರು. ಆಮೇಲೆ ಕೇಳುವುದನ್ನೇ ಬಿಟ್ಟರು. ನನಗೆ ಜಾಸ್ತಿ ನೋವಾಗಿದ್ದು ಆಗ. ಕಡೆಗೆ ಅವರ ಯಜಮಾನರು ಮುಂದಿನ ಬೆಳೆ ಮೇಲೆ ವ್ಯಾಪಾರಿಯ ಹತ್ತಿರ ಮುಂಗಡ ತಂದರು. ಮುಂಗಡ ತಂದ ಮೇಲೆ ಅಡಿಕೆ ಆ ವ್ಯಾಪಾರಿ ಹೇಳಿದ ದರಕ್ಕೇ ಹೋಗಬೇಕು. ಅಷ್ಟರಲ್ಲಿ ಮಳೆ ಹಿಡಿದಿತ್ತು, ಔಷಧ ಸರಿಯಾಗಿ ಅಂಟಲೂ ಇಲ್ಲ. ಕಾಲು ಭಾಗ ಫಸಲು ಹೋಯಿತು. ಹಪ್ಪಳದಲ್ಲಿ ಅವರ ಪಾಲು ಎಷ್ಟಿತ್ತು ಗೊತ್ತಾ? ನಾಲ್ಕು ಸಾವಿರವೂ ಇರಲಿಲ್ಲ.

ಆ ಅಂಗಡಿಯವರು ಮೋಸಗಾರರು ಎಂದು ನಾನು ಹೇಳುತ್ತಿಲ್ಲ. ಅವರ ಲೆಕ್ಕದಲ್ಲಿ ಎಲ್ಲ ತಿಂಗಳೂ ಒಂದೇ. ಬಿಲ್ ಬರುತ್ತದೆ, ಸಾಲಿನಲ್ಲಿ ಕೂರುತ್ತದೆ, ಸರದಿ ಬಂದಾಗ ಪಾಸಾಗುತ್ತದೆ. ರೈತರ ಮನೆಯಲ್ಲಿ ಹಾಗಲ್ಲ. ಜೂನ್‌ನ ನಾಲ್ಕು ಸಾವಿರಕ್ಕೂ ಸೆಪ್ಟೆಂಬರ್‌ನ ನಾಲ್ಕು ಸಾವಿರಕ್ಕೂ ತುಂಬಾ ವ್ಯತ್ಯಾಸ ಇದೆ. ರೈತರ ಜೊತೆ ವ್ಯಾಪಾರ ಮಾಡುವ ಯಾರೇ ಆಗಲಿ, ಆ ಊರಲ್ಲಿ ಯಾವ ತಿಂಗಳು ದುಡ್ಡು ಬೇಕು ಎನ್ನುವುದನ್ನು ಮೊದಲು ಕೇಳಿ ತಿಳಿದುಕೊಳ್ಳಬೇಕು. ಒಂದು ಫೋನ್ ಮಾಡಿದರೆ ಗೊತ್ತಾಗುವ ವಿಷಯ ಇದು.

ಇದಕ್ಕೆ ಕಾನೂನೂ ಇದೆ, ಆಗ ನನಗೆ ಗೊತ್ತಿರಲಿಲ್ಲ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ದಿಮೆಯಿಂದ ಮಾಲು ತೆಗೆದುಕೊಂಡವರು, ಬರಹದಲ್ಲಿ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ದುಡ್ಡು ಕೊಡಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. 2023ರಲ್ಲಿ ಆದಾಯ ತೆರಿಗೆ ಕಾನೂನಿಗೂ ಒಂದು ನಿಯಮ ಸೇರಿಸಿದರು. ಮಾಲು ತೆಗೆದುಕೊಂಡವರು ಗಡುವಿನೊಳಗೆ ಕೊಡದೆ ಬಾಕಿ ಇಟ್ಟರೆ, ಆ ಖರ್ಚನ್ನು ದುಡ್ಡು ಕೊಟ್ಟ ವರ್ಷದಲ್ಲೇ ತೋರಿಸಬೇಕು, ಅಲ್ಲಿವರೆಗೆ ತೆರಿಗೆ ಲೆಕ್ಕದಲ್ಲಿ ಕಳೆಯುವ ಹಾಗಿಲ್ಲ. ಈ ಕಾನೂನಿನ ಅನುಕೂಲ ಸಿಗಬೇಕಾದರೆ ನಮ್ಮ ಹತ್ತಿರ ಸರ್ಕಾರದ ಉದ್ಯಮ್ ನೋಂದಣಿ ಇರಬೇಕು. ನೋಂದಣಿಗೆ ದುಡ್ಡು ಕೊಡಬೇಕಾಗಿಲ್ಲ. ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುವ ಅಕ್ಕಂದಿರೇ, ದಯವಿಟ್ಟು ಮಾಡಿಸಿಕೊಳ್ಳಿ. ಆದರೆ ಬೆಟ್ಟದಿಂದ ಮುರುಗಲು ಹಣ್ಣು ಆರಿಸಿ ತಂದು ಕೊಡುವ ಹೆಂಗಸಿನವರೆಗೆ ಈ ಕಾನೂನು ಬರುವುದಿಲ್ಲ. ಅಲ್ಲಿ ಖರೀದಿ ಮಾಡುವವರ ಮನಸ್ಸೇ ಕಾನೂನು.

ಮನಸ್ಸಿದ್ದರೆ ಹೇಗೆ ನಡೆಯುತ್ತದೆ ಎನ್ನುವುದಕ್ಕೆ ಲಿಜ್ಜತ್ ಪಾಪಡ್ ನೋಡಿ. 1959ರಲ್ಲಿ ಮುಂಬೈನ ಏಳು ಹೆಂಗಸರು 80 ರೂಪಾಯಿ ಸಾಲ ತಂದು ಶುರು ಮಾಡಿದ್ದು. ಅಲ್ಲಿನ ಹೆಂಗಸರು ಕಲಸಿದ ಹಿಟ್ಟು ತೆಗೆದುಕೊಂಡು ಮನೆಗೆ ಹೋಗುತ್ತಾರೆ, ಲಟ್ಟಿಸಿ ಒಣಗಿಸಿ ತಂದು ಕೊಡುತ್ತಾರೆ, ಲಟ್ಟಿಸಿದ ಕೂಲಿ ಕೈಗೆ ಬರುತ್ತದೆ. ಕೆಲಸ ಮಾಡುವವರೇ ಮಾಲೀಕರು. ಹಿಟ್ಟಿಗೆ ಅವರು ಮನೆಯಿಂದ ದುಡ್ಡು ಹಾಕಬೇಕಾಗಿಲ್ಲ. ನಮ್ಮಲ್ಲಿ ಮೆಣಸು, ಜೀರಿಗೆ, ಎಣ್ಣೆ, ಪ್ಯಾಕೆಟ್ಟು, ಬಸ್ ಚಾರ್ಜು ಎಲ್ಲ ನಾವೇ ಮೊದಲು ಹಾಕಿ, ಬೆಂಗಳೂರಿನ ಅಂಗಡಿಗೆ ನಾವೇ ಸಾಲ ಕೊಟ್ಟ ಹಾಗೆ ಆಗಿತ್ತು. ಹದಿನಾಲ್ಕು ಬಡ ಹೆಂಗಸರು ಸೇರಿ ಎಸಿ ಅಂಗಡಿಗೆ ಬಡ್ಡಿ ಇಲ್ಲದ ಸಾಲ ಕೊಡುವುದು ಸರಿಯಾ?

ಹೆಸರಿನ ವಿಷಯಕ್ಕೆ ಬರುತ್ತೇನೆ. ಇದು ಬರೀ ಬೆಂಗಳೂರಿನವರ ತಪ್ಪಲ್ಲ, ನಮ್ಮ ಮನೆಗಳದ್ದೂ ಹೌದು. ಶಿರಸಿಯಲ್ಲಿ ತೋಟಗಾರರು 1923ರಲ್ಲೇ ಸೇರಿ ಟಿಎಸ್‌ಎಸ್ ಎಂಬ ಸಹಕಾರಿ ಮಾರಾಟ ಸಂಘ ಕಟ್ಟಿಕೊಂಡರು. ಸಹಕಾರ ನಮಗೆ ಹೊಸದಲ್ಲ. ಆದರೆ ಅಡಿಕೆ ಮಾರಿದ ಲೆಕ್ಕದ ಪಟ್ಟಿ ಯಾರ ಹೆಸರಿಗೆ ಬರುತ್ತದೆ? ಪಹಣಿ ಯಾರ ಹೆಸರಲ್ಲಿದೆಯೋ ಅವರ ಹೆಸರಿಗೆ. ನಾನು ಚಿಕ್ಕವಳಿದ್ದಾಗ ಅಡಿಕೆ ಕೊಯ್ಲಿನ ರಾತ್ರಿಗಳಲ್ಲಿ ಅಂಗಳದಲ್ಲಿ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಹತ್ತು ಹನ್ನೆರಡು ಹೆಂಗಸರು ಸುಲಿಯುತ್ತಿದ್ದರು. ಅಮ್ಮನೂ ಕೂರುತ್ತಿದ್ದಳು. ಹನ್ನೊಂದು ಗಂಟೆಯಾದರೂ ಏಳುತ್ತಿರಲಿಲ್ಲ. ಸಿಪ್ಪೆಯ ಕಲೆಗೆ ಅಮ್ಮನ ಬೆರಳು ಕಪ್ಪಾಗಿ, ಸಂಕ್ರಾಂತಿ ಕಳೆದರೂ ಹೋಗುತ್ತಿರಲಿಲ್ಲ. ಸುಲಿಯಲು ಬಂದವರಿಗೆ ಡಬ್ಬದ ಲೆಕ್ಕದಲ್ಲಿ ಕೂಲಿ ಸಿಗುತ್ತಿತ್ತು. ಅಮ್ಮನಿಗೆ ಅದೂ ಇಲ್ಲ. ಅವಳ ಹೆಸರು ಯಾವ ಪಟ್ಟಿಯಲ್ಲೂ ಬರಲಿಲ್ಲ.

ದೇಶದ ಲೆಕ್ಕವೂ ಹಾಗೇ ಇದೆ. 2015-16ರ ಕೃಷಿ ಗಣತಿಯಲ್ಲಿ ಹೆಂಗಸರು ನಡೆಸುವ ಹಿಡುವಳಿ ನೂರಕ್ಕೆ ಸುಮಾರು 14 ಮಾತ್ರ. ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಸಮಪಾಲು ಎಂದು 2005ರಲ್ಲಿ ಕಾನೂನು ತಿದ್ದಿದರೂ ಪಹಣಿ ನಿಧಾನಕ್ಕೇ ಬದಲಾಗುತ್ತಿದೆ. ಹಾಗಾಗಿ ಕಂಪನಿಯವರು "ಪಹಣಿ ತನ್ನಿ, ರೈತ ಅಂತ ನೋಂದಾಯಿಸುತ್ತೇವೆ" ಎಂದರೆ ಅಲ್ಲಿಗೆ ನಮ್ಮ ಹೆಂಗಸರು ಹೊರಗೆ. ಪಹಣಿ ಕೇಳಬೇಡಿ. ಯಾರು ಮಾಡಿದ್ದು, ಯಾರು ತಂದಿದ್ದು ಅಂತ ಕೇಳಿ. ಅವರ ಖಾತೆಗೇ ಹಾಕಿ.

ಖಾತೆ ಅಂದರೂ ಸಾಲದು. ಕಳೆದ ವರ್ಷ ನಾವು ಸಂಘದ ಖಾತೆ ಬಿಟ್ಟು ಒಬ್ಬೊಬ್ಬರ ಖಾತೆಗೆ ಹಂಚಿದೆವು. ಆರು ಜನರ ಖಾತೆಗೆ ಗಂಡನದ್ದೋ ಮಗನದ್ದೋ ಮೊಬೈಲ್ ನಂಬರ್ ಇತ್ತು. ಬ್ಯಾಂಕಿನ ಮೆಸೇಜು ಅವರಿಗೆ ಹೋಗುತ್ತಿತ್ತು. ನಾಲ್ವರು ಬದಲಿಸಿಕೊಂಡರು. ಅದರಲ್ಲಿ ಒಬ್ಬರು, ಓದಲು ಅಷ್ಟು ಬಾರದವರು, ಮೊದಲ ಸಲ ಮೆಸೇಜು ಬಂದಾಗ ಫೋನ್ ಹಿಡಿದುಕೊಂಡು ನಮ್ಮ ಮನೆಗೆ ಓಡಿ ಬಂದರು. ನಾನು ಓದಿ ಹೇಳಿದೆ. ಇನ್ನೊಂದು ಸಲ ಓದು ಎಂದರು. ಮೂರು ಸಲ ಓದಿಸಿದರು. ಆಮೇಲೆ ಯಾರಿಗೂ ಹೇಳಬೇಡ ಎಂದು ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದರು. ಅವರ ಮುಖ ನೀವು ನೋಡಬೇಕಿತ್ತು.

ಬೆಲೆ ಕಟ್ಟುವಾಗಲೂ ಒಂದು ತಪ್ಪು ಮಾಡುತ್ತಾರೆ. "ದಿನಕ್ಕೆ ಕೂಲಿ ಎಷ್ಟು ಹೇಳಿ, ಅದರ ಮೇಲೆ ರೇಟ್ ಹಾಕೋಣ" ಎನ್ನುತ್ತಾರೆ. ಕಾಯಿ ಬಲಿತಿದೆಯಾ ಎಂದು ತಟ್ಟಿ ನೋಡಿ ಹೇಳುವ ತಿಳಿವಳಿಕೆಗೆ ಬೆಲೆ ಇಲ್ಲವಾ? ಅರಣ್ಯ ಇಲಾಖೆಯ ನರ್ಸರಿಯಲ್ಲಿ ಗಿಡ ಬೆಳೆಸುತ್ತಿದ್ದ ನಮ್ಮ ಅಂಕೋಲೆಯ ತುಳಸಿ ಗೌಡರನ್ನು ನೆನಪು ಮಾಡಿಕೊಳ್ಳಿ. 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಿಂತು ಪದ್ಮಶ್ರೀ ತೆಗೆದುಕೊಂಡರು. ಯಾವ ಮರದ ಬೀಜ ಯಾವಾಗ ಆರಿಸಬೇಕು ಎನ್ನುವುದು ಅವರಿಗೆ ಗೊತ್ತಿದ್ದಷ್ಟು ಗೊತ್ತಿದ್ದವರು ಕಡಿಮೆ. ಅಂಥವರೂ ದಶಕಗಳ ಕಾಲ ದುಡಿದಿದ್ದು ದಿನಗೂಲಿಗೆ.

ಕಂಪನಿಯ ಖರೀದಿಯಿಂದ ಕಾಡಿಗೂ ಪೆಟ್ಟು ಬೀಳುತ್ತದೆ, ಅದನ್ನೂ ಹೇಳಲೇಬೇಕು. ಉಪ್ಪಾಗೆ ಮುರುಗಲಿನ ಹಾಗೇ ಹುಳಿಯಾದ ಕಾಡು ಹಣ್ಣು. ಅದರ ಸಿಪ್ಪೆಗೆ ತೂಕ ಇಳಿಸುವ ಮಾತ್ರೆಯ ಕಾರಣಕ್ಕೆ ಹೊರದೇಶದಲ್ಲಿ ಬೇಡಿಕೆ ಬಂದಾಗ, ಬೇರೆಯವರು ಕೊಯ್ಯುವ ಮೊದಲು ನಾವು ಕೊಯ್ಯಬೇಕು ಅಂತ ಎಳೆ ಕಾಯಿಯನ್ನೇ ಉದುರಿಸಿದರು, ಕೊಂಬೆ ಕಡಿದರು. ಉಪ್ಪಾಗೆ ಬರುವುದು ಮಳೆಗಾಲದಲ್ಲಿ. ಬಿಸಿಲಿಲ್ಲ, ಬೆಂಕಿ ಹಾಕಿ ಒಣಗಿಸಬೇಕು. ರಾಶಿ ಕಟ್ಟಿಗೆ ಬೇಕು, ಹೊಗೆಯಲ್ಲಿ ಕಣ್ಣು ಉರಿಸಿಕೊಂಡು ಕೂರುವವರು ಹೆಂಗಸರು. ಖರೀದಿಸುವವರು ಊರಿಗೊಂದು ಒಳ್ಳೆ ಡ್ರೈಯರ್ ಹಾಕಿಸಿ, ಹಣ್ಣಾಗಿ ಬಿದ್ದಿದ್ದಕ್ಕೆ ಮಾತ್ರ ಒಳ್ಳೆ ದರ ಎಂದು ಮೊದಲೇ ಬೋರ್ಡ್ ಹಾಕಿದರೆ ಮರವೂ ಉಳಿಯುತ್ತದೆ, ಕಣ್ಣೂ ಉಳಿಯುತ್ತದೆ.

ಇದನ್ನೆಲ್ಲ ದೊಡ್ಡ ಕಂಪನಿಗಳೇ ಮಾಡಬೇಕು ಎಂದೇನಿಲ್ಲ. ಅಂಕೋಲಾ, ಕುಮಟಾ ಕಡೆ ಹೋದರೆ ಹೆದ್ದಾರಿ ಬದಿಯಲ್ಲಿ ಕುಮಟಾ ಸಿಹಿ ಈರುಳ್ಳಿಯ ಗೊಂಚಲು ತೂಗು ಹಾಕಿಕೊಂಡು ಮಾರುವವರು ಬಿಸಿಲಲ್ಲಿ ಕೂತಿರುತ್ತಾರೆ. ಪೇಟೆಯಲ್ಲಿ ಹಾಲಕ್ಕಿ ಸಮುದಾಯದ ಹೆಂಗಸರು ಬಸಳೆ, ಹರಿವೆ ಬುಟ್ಟಿ ಇಟ್ಟುಕೊಂಡಿರುತ್ತಾರೆ. ಗೋಕರ್ಣ, ಕಾರವಾರದ ಹೋಟೆಲ್, ರೆಸಾರ್ಟಿನವರು "ದಿನಾ ಇಷ್ಟು ಕಿಲೋ ನಮಗೆ ಬೇಕೇ ಬೇಕು, ಸೋಮವಾರಕ್ಕೊಮ್ಮೆ ದುಡ್ಡು" ಎಂದು ನಾಲ್ಕು ಜನರಿಗೆ ಮಾತು ಕೊಟ್ಟರೆ ಸಾಕು. ಸಂಜೆ ಉಳಿದ ಸೊಪ್ಪನ್ನು ಸಿಕ್ಕ ಬೆಲೆಗೆ ಕೊಟ್ಟು ಬಸ್ ಹತ್ತುವುದು ತಪ್ಪುತ್ತದೆ. ಮೀನು ಮಾರುವವರಿಗೂ ಅಷ್ಟೇ. ಅವರ ಫೋಟೋ ತೆಗೆದು ಗೋಡೆಗೆ ಹಾಕುವ ಹೋಟೆಲುಗಳಿವೆ. ಮೊದಲು ಮೀನು ಅವರ ಹತ್ತಿರ ತೆಗೆದುಕೊಳ್ಳಿ.

ದೊಡ್ಡ ಕಂಪನಿಗಳಿಗೆ ಲಾಭದ 2 ಪರ್ಸೆಂಟ್ ಸಿಎಸ್‌ಆರ್‌ಗೆ, ಅಂದರೆ ಸಮಾಜದ ಕೆಲಸಕ್ಕೆ, ಖರ್ಚು ಮಾಡಬೇಕು ಎಂದು ಕಾನೂನಿದೆ. ಹೊಲಿಗೆ ಯಂತ್ರ ಕೊಡುತ್ತಾರೆ, ಮಹಿಳಾ ದಿನಕ್ಕೆ ಊಟ ಹಾಕುತ್ತಾರೆ. ಬೇಡ ಅನ್ನುವುದಿಲ್ಲ. ಆದರೆ ನಮ್ಮ ಬದುಕು ನಿಂತಿರುವುದು ಅವರ ಖರೀದಿ ವಿಭಾಗದ ಮೇಲೆ. ದರ ಎಷ್ಟು, ತೂಕ ಯಾರ ಎದುರು, ಮಾಲು ವಾಪಸ್ ಕಳಿಸುವುದಾದರೆ ಯಾಕೆ, ದುಡ್ಡು ಯಾವ ತಾರೀಕಿಗೆ, ಎಲ್ಲ ಅಲ್ಲೇ ತೀರ್ಮಾನ ಆಗುವುದು. ಅಲ್ಲಿ ಕೂತವರು ಒಂದು ಸಲ ಮೇ ತಿಂಗಳಲ್ಲಿ ನಮ್ಮ ಅಂಗಳಕ್ಕೆ ಬಂದು ಎರಡು ದಿನ ಇರಲಿ. ಊಟ, ವಸತಿ ನಮ್ಮ ಮನೆಯಲ್ಲೇ.

ಮೊನ್ನೆ ಫೋನ್ ಮಾಡಿದವರಿಗೆ ಮಾರನೇ ದಿನ ನಾನೇ ವಾಪಸ್ ಮಾಡಿದೆ. ಸೀರೆ ಬೇಡ ಸರ್, ಹಪ್ಪಳ ತೆಗೆದುಕೊಳ್ಳುವುದಾದರೆ ಅರ್ಧ ದುಡ್ಡು ಏಪ್ರಿಲ್ ಒಂದಕ್ಕೆ ಕೊಡಿ, ಉಳಿದಿದ್ದು ಜೂನ್ ಐದರೊಳಗೆ, ಹದಿನಾಲ್ಕು ಖಾತೆಗೆ ಬೇರೆ ಬೇರೆಯಾಗಿ ಹಾಕಿ, ಒಡೆದಿದ್ದಕ್ಕೆ ಫೋಟೋ ಕಳಿಸಿ ಎಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಕೌಂಟೆಂಟ್ ಹತ್ತಿರ ಕೇಳಿ ಹೇಳುತ್ತೇನೆ ಎಂದರು. ನಿನ್ನೆ ಸಂಜೆ ಮೆಸೇಜು ಬಂತು. ಆಗಬಹುದು, ಎಲ್ಲರ ಖಾತೆ ನಂಬರ್ ಕಳಿಸಿ ಎಂದಿದ್ದಾರೆ. ನಾಳೆ ಇಬ್ಬರನ್ನು ಕರೆದುಕೊಂಡು ಬ್ಯಾಂಕಿಗೆ ಹೋಗಬೇಕು. ಅವರ ಖಾತೆಗೆ ಇನ್ನೂ ಮಗನ ನಂಬರೇ ಇದೆ.