ಕಂಬಳಿ ವಾಸನೆಯ ಪಿಕಪ್

ನನ್ನ ಹತ್ತಿರ 1978ರ ಫೋರ್ಡ್ ಎಫ್-150 ಪಿಕಪ್ ಒಂದಿದೆ. ಇರುವುದು ಅಮೆರಿಕದ ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಹತ್ತಿರ. ಹುಟ್ಟಿದ್ದು ತೀರ್ಥಹಳ್ಳಿ ಕಡೆ. ನಾನು, ಗಾಡಿಯಲ್ಲ. ಐದು ವರ್ಷದಿಂದ ಬಿಡುವಾದಾಗಲೆಲ್ಲ ಅದರ ತುಕ್ಕು ಕೆರೆಯುತ್ತಿದ್ದೇನೆ. ಇಲ್ಲಿಯವರಿಗೆ ತುಕ್ಕನ್ನು ಒಂದೇ ಸಲಕ್ಕೆ ಮುಗಿಸಿಬಿಡುವ ಆಸೆ. ನಮ್ಮೂರಿನವರು ಪ್ರತಿ ಮಳೆಗಾಲಕ್ಕೆ ಮುಂಚೆ ಗಾಡಿಯಡಿಗೆ ಒಂದಿಷ್ಟು ಎಣ್ಣೆ ಹೊಡೆದು ಸುಮ್ಮನಾಗುತ್ತಾರೆ. ದಿನಾ ಓಡಿಸುವ ಗಾಡಿಗೆ ನಮ್ಮೂರಿನ ದಾರಿಯೇ ಸರಿ ಅಂತ ನನಗೀಗ ಅನಿಸಿದೆ. ಅವರು ಹೊಡೆಯುವ ಎಣ್ಣೆ ಮಾತ್ರ ತಪ್ಪು.

ಮೊದಲು ಉಪ್ಪಿನ ಮಾತು. ಇಲ್ಲಿ ಹಿಮ ಬಿದ್ದರೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಡೆಟ್ರಾಯಿಟ್ ಊರಿನ ಕೆಳಗೇ ಸುಮಾರು 1,200 ಅಡಿ ಆಳದಲ್ಲಿ ಉಪ್ಪಿನ ಗಣಿ ಇದೆ! ಚಳಿ ಜಾಸ್ತಿಯಾದರೆ ಬರೀ ಉಪ್ಪು ಸಾಲುವುದಿಲ್ಲ, ಕ್ಯಾಲ್ಸಿಯಂ ಕ್ಲೋರೈಡ್ ನೀರನ್ನೂ ಬಿಡುತ್ತಾರೆ. ಅದು ಗಾಳಿಯ ತೇವ ಎಳೆದುಕೊಂಡು ಒದ್ದೆಯಾಗಿಯೇ ಇರುತ್ತದೆ. ಗಾಡಿ ಶೆಡ್ಡಿನೊಳಗೆ ನಿಂತಿದ್ದರೂ ಚಾಸಿ, ಅಂದರೆ ಅಡಿಯ ಚೌಕಟ್ಟು, ಒಣಗುವುದಿಲ್ಲ. ನಮ್ಮ ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಆದರೂ ಅಣ್ಣನ ಹಳೇ ಜೀಪಿನ ಚಾಸಿ ಗಟ್ಟಿಯಾಗಿದೆ. ಮಳೆನೀರಿನಲ್ಲಿ ಇಷ್ಟು ಉಪ್ಪು ಎಲ್ಲಿ ಬರಬೇಕು? ಇಲ್ಲಿನ ಗಾಡಿಗೆ ಸರಿಯಾದ ಜೋಡಿ ಅಂದರೆ ಮಲ್ಪೆಯಿಂದ ಉಪ್ಪುನೀರು ಸೋರಿಸುತ್ತಾ ಹೊರಡುವ ಮೀನು ಲಾರಿ.

ಗಾಡಿ ತಂದ ಹೊಸದರಲ್ಲಿ ಒಂದು ವರ್ಕ್‌ಶಾಪಿನಲ್ಲಿ ಅಡಿಗೆಲ್ಲ ಕಪ್ಪು ರಬ್ಬರ್ ಕೋಟಿಂಗ್ ಹೊಡೆಸಿದೆ. ನೋಡಲು ಎಷ್ಟು ಚೆಂದ! ಎರಡು ಚಳಿಗಾಲ ಕಳೆದ ಮೇಲೆ ಅನುಮಾನ ಬಂದು ಸ್ಕ್ರೂಡ್ರೈವರ್ ತಾಗಿಸಿದರೆ, ಕಾವಲಿಯಿಂದ ದೋಸೆ ಎದ್ದ ಹಾಗೆ ಎದ್ದು ಬಂತು. ಅಡಿಯಲ್ಲಿ ನೀರು, ತುಕ್ಕಿನ ಹಕ್ಕಳೆ. ಹಳೇ ತುಕ್ಕನ್ನು ಕೆರೆಯದೆ ಮೇಲಿಂದಲೇ ಹೊಡೆದಿದ್ದರು. ರಬ್ಬರ್ ಗಟ್ಟಿಯಾಗಿ ಸಣ್ಣ ಬಿರುಕು ಬಿಟ್ಟರೆ ಸಾಕು, ಒಳಗೆ ಹೋದ ಉಪ್ಪುನೀರು ಹೊರಗೆ ಬರುವುದಿಲ್ಲ. ಅದಕ್ಕಿಂತ ಏನೂ ಹೊಡೆಯದಿದ್ದರೇ ವಾಸಿ. ಕಡೇಪಕ್ಷ ತುಕ್ಕು ಕಣ್ಣಿಗೆ ಬೀಳುತ್ತದೆ.

ಆಮೇಲೆ ತುಕ್ಕಿನ ಮೇಲೇ ಹಚ್ಚುವ ಯೂರಿಥೇನ್ ಪೇಂಟ್ ತಂದೆ. ಗಾಳಿಯ ತೇವದಿಂದಲೇ ಒಣಗಿ ಕಲ್ಲಾಗುತ್ತದೆ. ಹಿಡಿದರೆ ಸುತ್ತಿಗೆ ಏಟಿಗೂ ಏಳುವುದಿಲ್ಲ, ನಿಜ. ಆದರೆ ಅದು ಹಿಡಿಯುವುದು ಒರಟು ಮೈಗೆ. ನಾನು ನಯವಾದ ಹೊಸ ತಗಡಿಗೂ ಹಚ್ಚಿಬಿಟ್ಟೆ, ಹಾಳೆ ಹಾಳೆಯಾಗಿ ಕಳಚಿತು. ಬಿಸಿಲು ಬೀಳುವ ಕಡೆ ಮೇಲೆ ಬೇರೆ ಬಣ್ಣ ಬೇಕೇ ಬೇಕು. ಡಬ್ಬಿಯ ಅಂಚು ಒರೆಸದೆ ಮುಚ್ಚಿದರೆ ಮುಚ್ಚಳ ಇನ್ನು ತೆಗೆಯಲಾಗುವುದಿಲ್ಲ. ಕೈಗೆ ತಾಗಿದ ಕಲೆ ಚರ್ಮದ ಜೊತೆಯೇ ಹೋಗಬೇಕು. ಒಂದು ವಾರ ಆಫೀಸಿನಲ್ಲಿ ಕೈ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದೇನೆ.

ಗಾಡಿಯನ್ನು ಪೂರ್ತಿ ಬಿಚ್ಚಿ, ಮರಳು ಹೊಡೆಸಿ, ಬೆಳ್ಳಗಿನ ಕಬ್ಬಿಣ ಕಂಡ ಮೇಲೆ ಎರಡು ಭಾಗ ಬೆರೆಸುವ ಎಪಾಕ್ಸಿ ಪ್ರೈಮರ್ ಹೊಡೆಯುವವರಿಗೆ ನನ್ನ ನಮಸ್ಕಾರ. ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಅಷ್ಟು ದುಡ್ಡು, ಅಷ್ಟು ಜಾಗ ಎಲ್ಲರಿಗೂ ಇರಬೇಕಲ್ಲ?

ರಸ್ಟ್ ಕನ್ವರ್ಟರ್ ನೋಡಿದಾಗ ಮಾತ್ರ ನಗು ಬಂತು. ಹಾಲಿನ ಹಾಗಿರುವ ದ್ರವ, ತುಕ್ಕಿಗೆ ಬಳಿದ ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತದೆ. ಡಬ್ಬಿ ತಿರುಗಿಸಿ ಓದಿದರೆ ಟ್ಯಾನಿಕ್ ಆಸಿಡ್. ಅಂದರೆ ಚೊಗರು! ಹಸಿ ಅಡಿಕೆ ಸುಲಿದವರಿಗೆ ಇದನ್ನು ಹೇಳಿಕೊಡಬೇಕಾ? ಮೆಟ್ಟುಗತ್ತಿಯೂ ಕಪ್ಪು, ಬೆರಳೂ ಕಪ್ಪು. ತೆಳು ತುಕ್ಕಿಗೆ ಇದು ಒಳ್ಳೆಯದು. ಹಕ್ಕಳೆ ಎದ್ದಿದ್ದರೆ ಮೊದಲು ತಂತಿ ಬ್ರಷ್ ಹಿಡಿಯಲೇಬೇಕು.

ಈಗ ನಮ್ಮೂರಿಗೆ ಬರುತ್ತೇನೆ. ಟಿಂಕರಿಂಗ್ ಶೆಡ್ಡಿನಲ್ಲಿ ತುಕ್ಕಿನ ಮೇಲೇ ಲಪ್ಪ (ಪುಟ್ಟಿ) ಮೆತ್ತಿ ರೆಡ್ ಆಕ್ಸೈಡ್ ಬಣ್ಣ ಹೊಡೆಯುವುದನ್ನು ನಾನು ಸಮರ್ಥಿಸುವುದಿಲ್ಲ. ರಬ್ಬರ್ ಹೊಡೆದವರೂ ಅದನ್ನೇ ಮಾಡಿದ್ದು. ಆದರೆ ಮೇ ತಿಂಗಳಲ್ಲಿ ಜೀಪಿನ ಅಡಿಗೆ, ಸ್ಪ್ರಿಂಗ್ ಪ್ಲೇಟಿಗೆ ಇಂಜಿನ್‌ನಿಂದ ತೆಗೆದ ಸುಟ್ಟ ಆಯಿಲ್ ಹೊಡೆಯುತ್ತಾರಲ್ಲ, ಅದರ ಹಿಂದೆ ಬುದ್ಧಿ ಇದೆ. ಎಣ್ಣೆ ಒಣಗುವುದಿಲ್ಲ. ಹಾಗಾಗಿ ಬಿರುಕೂ ಬಿಡುವುದಿಲ್ಲ. ಎರಡು ತಗಡು ಸೇರುವ ಸಂದಿಗೆ ತಾನಾಗಿಯೇ ಹರಿದು ಹೋಗುತ್ತದೆ. ಗಾಡಿ ತೂತಾಗುವುದು ಇಂಥ ಸಂದಿಯಲ್ಲೇ, ಬ್ರಷ್ ಅಲ್ಲಿಗೆ ಹೋಗುವುದಿಲ್ಲ. ಆದರೆ ಸುಟ್ಟ ಎಣ್ಣೆಯಲ್ಲಿ ಆಸಿಡ್ ಇರುತ್ತದೆ, ಇಂಜಿನ್ ಸವೆದ ಲೋಹ ಇರುತ್ತದೆ. ಮಳೆಗೆ ತೊಳೆದು ತೋಟಕ್ಕೆ, ಅಲ್ಲಿಂದ ತುಂಗೆಗೆ. ಅಂಗಳದಲ್ಲಿ ಬಾವಿ ಇಟ್ಟುಕೊಂಡು ಯಾಕೆ ಬೇಕು ಇದು?

ಇಲ್ಲಿ ಅದರ ಜಾಗಕ್ಕೆ ಲ್ಯಾನೋಲಿನ್ ಸಿಗುತ್ತದೆ. ಕುರಿ ಉಣ್ಣೆ ತೊಳೆದಾಗ ಬರುವ ಜಿಡ್ಡು. ಫ್ಲೂಯಿಡ್ ಫಿಲ್ಮ್ ಅನ್ನುವುದು ಇದರದ್ದೇ ಸರಕು, 1940ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಹಡಗುಗಳಿಗೆ ಶುರುವಾದದ್ದು. ಮೊದಲ ಸಲ ಹೊಡೆದಾಗ ಗಾಡಿಯಡಿ ಮಲಗಿದ್ದವನು ಹಾಗೇ ಮಲಗಿಬಿಟ್ಟೆ. ಅದು ನೆನೆದ ಕಂಬಳಿ ಕೊಪ್ಪೆಯ ವಾಸನೆ. ನಾಟಿ ಗದ್ದೆಯಿಂದ ಬಂದ ಅಪ್ಪ ಜಗಲಿಯಲ್ಲಿ ಕೊಪ್ಪೆ ಕೊಡವಿದ ಹಾಗಾಯಿತು. ಕಂಬಳಿಯಿಂದ ಮಳೆ ಜಾರುವುದೂ ಈ ಜಿಡ್ಡಿನಿಂದಲೇ.

ತೊಂದರೆ ಇಲ್ಲ ಅಂತಲ್ಲ. ಚಕ್ರ ಎರಚುವ ನೀರಿಗೆ ಸಿಕ್ಕುವ ಕಡೆ ಬೇಗ ತೊಳೆದುಹೋಗುತ್ತದೆ. ಕೀಲುಗಳಲ್ಲಿ ಕೂರುವ ಕೆಲವು ರಬ್ಬರ್ ಬುಷ್ ಉಬ್ಬುತ್ತವೆ. ಪ್ರತಿ ಅಕ್ಟೋಬರ್‌ನಲ್ಲಿ ಮತ್ತೆ ಗಾಡಿಯಡಿ ತೂರಬೇಕು, ಬಟ್ಟೆಯೆಲ್ಲ ಜಿಡ್ಡು. ನನ್ನ ಗಾಡಿಯಲ್ಲಿ ಈಗ ಬಿಚ್ಚಿ ಕೆರೆದ ಕಡೆ ಎಪಾಕ್ಸಿ ಇದೆ, ಉಳಿದ ಸಂದಿಗಳಿಗೆಲ್ಲ ಕುರಿ ಜಿಡ್ಡು.

ಹೋದ ವಾರ ಅಣ್ಣನಿಗೆ ಫೋನಿನಲ್ಲಿ ಹೇಳಿದೆ, "ಸುಟ್ಟ ಆಯಿಲ್ ಬಿಡು ಮಾರಾಯ, ನಾನು ಎರಡು ಡಬ್ಬಿ ತರ್ತೀನಿ." ಎಷ್ಟು ಅಂತ ಕೇಳಿದ. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೇ ದುಡ್ಡಿಗೆ ಒಂದು ಕುರಿನೇ ಬರ್ತದಲ್ಲೋ" ಅಂದ.