ರೋಹಿಣಿಗಾಗಿ ಎರಡು ವಾರ ಮುಂಚೆ

ಮೊನ್ನೆ ಗುಬ್ಬಿಯಲ್ಲಿ ನೆಂಟರ ಮದುವೆಯೊಂದರ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಸಂಬಂಧಿಯೊಬ್ಬರು, ಸೊಸೆಯ ಎರಡನೆಯ ಹೆರಿಗೆಗೆ ದಿನ ಗೊತ್ತುಮಾಡಿರುವುದನ್ನು ಗೃಹಪ್ರವೇಶಕ್ಕೆ ಕರೆಯುವಷ್ಟೇ ಸಡಗರದಿಂದ ಹೇಳಿದರು. ಮೊದಲನೆಯದು ಸಿಸೇರಿಯನ್ ಆಗಿತ್ತು, ಇದೂ ಸಿಸೇರಿಯನ್ನೇ ಎಂದು ತೀರ್ಮಾನವಾಗಿದೆ. ಅಲ್ಲಿಯವರೆಗೆ ನನ್ನ ತಕರಾರಿಲ್ಲ. ಆ ದಿನಕ್ಕೆ ಎಷ್ಟು ವಾರ ಆಗಿರುತ್ತದೆ ಎಂದು ಕೇಳಿದೆ. "ಮೂವತ್ತೇಳು ತುಂಬಿ ಎರಡು ದಿನ ಆಗಿರುತ್ತೆ ಅಕ್ಕಾ. ರೋಹಿಣಿ ನಕ್ಷತ್ರ ಸಿಗುತ್ತೆ. ಇನ್ನೂ ಕಾದರೆ ಮೂಲಾ ಬಂದುಬಿಡುತ್ತಲ್ಲ" ಎಂದರು. ಹೋಳಿಗೆ ಬಡಿಸುತ್ತಿದ್ದ ಹುಡುಗನಿಗೆ ನಾನು "ಸಾಕು" ಎಂದದ್ದು ಸ್ವಲ್ಪ ಜೋರಾಗಿಯೇ ಕೇಳಿಸಿರಬೇಕು.

ನನ್ನ ನರ್ಸಿಂಗ್ ಸೇವೆಯ ಬಹುಪಾಲು ಕಳೆದದ್ದು ನವಜಾತ ಶಿಶುಗಳ ಆರೈಕೆಯ ವಿಭಾಗದಲ್ಲಿ. ಎಂಟನೇ ತಿಂಗಳಲ್ಲಿ ಹುಟ್ಟಿದ ಮಗುವೆಂದರೆ ಎಲ್ಲರೂ ಹೆದರುತ್ತಾರೆ. ಮೂವತ್ತೇಳನೆಯ ವಾರದ ಮಗುವನ್ನು ಕಂಡು ಯಾರೂ ಹೆದರುವುದಿಲ್ಲ, ಏಕೆಂದರೆ ಅದು ನೋಡಲು ದುಂಡಗೆ, ಎರಡೂವರೆ ಮೂರು ಕಿಲೋ ತೂಗುತ್ತಿರುತ್ತದೆ. ಆದರೆ ಹುಟ್ಟಿದ ಸ್ವಲ್ಪ ಹೊತ್ತಿಗೇ ಮೂಗಿನ ಹೊಳ್ಳೆ ಅರಳಿಸಿ, ನರಳುತ್ತಾ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರೆಳೆಯತೊಡಗಿದಾಗ ಅದನ್ನು ತಾಯಿಯ ಮಗ್ಗುಲಿನಿಂದ ಎತ್ತಿಕೊಂಡು ಹೋಗಬೇಕಾಗುತ್ತದೆ. ಗರ್ಭದಲ್ಲಿ ಮಗುವಿನ ಶ್ವಾಸಕೋಶದ ತುಂಬ ದ್ರವವಿರುತ್ತದೆ. ಕೊನೆಯ ವಾರಗಳಲ್ಲಿ, ಅದರಲ್ಲೂ ಹೆರಿಗೆ ನೋವಿನ ಸಮಯದಲ್ಲಿ ಏರುವ ಹಾರ್ಮೋನುಗಳೇ ಆ ದ್ರವವನ್ನು ಹೀರಿಕೊಳ್ಳುವಂತೆ ಶ್ವಾಸಕೋಶವನ್ನು ಸಿದ್ಧಗೊಳಿಸುತ್ತವೆ. ನೋವೇ ಬಾರದೆ, ಅದೂ ಎರಡು ವಾರ ಮೊದಲೇ ಹೊರತೆಗೆದ ಮಗುವಿಗೆ ಈ ಎರಡು ಅನುಕೂಲಗಳೂ ತಪ್ಪುತ್ತವೆ. ಉಸಿರು ಸರಿಹೋಯಿತೆನ್ನುವಾಗ ರಕ್ತದ ಸಕ್ಕರೆ ಇಳಿಯಬಹುದು. ಮೊಲೆಗೆ ಹಾಕಿದರೆ ನಾಲ್ಕು ಗುಟುಕಿಗೆ ನಿದ್ದೆಹೋಗುವ ಮಗುವಿಗೆ ಹಾಲು ಸಾಲದೆ ಕಾಮಾಲೆ ಏರಿ, ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ದೀಪದಡಿ ಮಲಗಿಸಬೇಕಾಗಬಹುದು. ಆಗ ಹೊರಗೆ ಕುಳಿತ ಅಜ್ಜಿ ನಮ್ಮನ್ನು ಕೇಳುವ ಪ್ರಶ್ನೆ ಒಂದೇ: "ದಿನ ತುಂಬಿದ ಮಗುವಿಗೆ ಹೀಗ್ಯಾಕಾಯ್ತು ಸಿಸ್ಟರ್?"

ದಿನ ತುಂಬಿರಲಿಲ್ಲ, ಅದಕ್ಕೇ. ಅಮೆರಿಕದ ಪ್ರಸೂತಿ ತಜ್ಞರ ಸಂಘ 2013ರಲ್ಲಿಯೇ 37 ಮತ್ತು 38ನೆಯ ವಾರಗಳನ್ನು ಪೂರ್ಣಾವಧಿಯಿಂದ ಬೇರ್ಪಡಿಸಿತು. ಪೂರ್ಣಾವಧಿ ಶುರುವಾಗುವುದು 39 ವಾರ ತುಂಬಿದ ಮೇಲೆ. ನಮ್ಮ ಹಿರಿಯರು ಹೇಳುತ್ತಿದ್ದ ಒಂಬತ್ತು ತಿಂಗಳು ಒಂಬತ್ತು ದಿನವನ್ನು ಲೆಕ್ಕಹಾಕಿ ನೋಡಿ, ಹೆಚ್ಚುಕಡಿಮೆ 280 ದಿನ, ಅಂದರೆ 40 ವಾರವೇ ಆಗುತ್ತದೆ. ಮೂವತ್ತೇಳು ವಾರವೆಂದರೆ ಬರೀ 259 ದಿನ. ಸಂಪ್ರದಾಯದ ಹೆಸರಿನಲ್ಲಿ ಸಂಪ್ರದಾಯದ ಲೆಕ್ಕವನ್ನೇ ಮುರಿಯುವವರಿಗೆ ಏನು ಹೇಳುವುದು!

"ಎಷ್ಟೋ ಮಕ್ಕಳು ಮೂವತ್ತೇಳಕ್ಕೇ ಹುಟ್ಟಿ ಚೆನ್ನಾಗಿಲ್ಲವೇ?" ಎಂದು ಕೇಳುವವರು ಇಲ್ಲೂ ಬರುತ್ತೀರಿ, ಗೊತ್ತು. ಇದ್ದಾರೆ, ಬಹುಪಾಲು ಮಕ್ಕಳು ಚೆನ್ನಾಗಿಯೇ ಇದ್ದಾರೆ. ಆದರೆ ಇದೇ ಸೊಸೆಯಂತೆ ಎರಡನೆಯ ಸಲ ಯೋಜಿತ ಸಿಸೇರಿಯನ್ ಮಾಡಿಸಿಕೊಂಡವರ ಮಕ್ಕಳ ಬಗ್ಗೆ 2009ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಉಸಿರಾಟದ ತೊಂದರೆ, ಸಕ್ಕರೆ ಕುಸಿತ, ಸೋಂಕು, ತೀವ್ರ ನಿಗಾ ಘಟಕ ಸೇರುವುದು ಮುಂತಾದವುಗಳಲ್ಲಿ ಒಂದಾದರೂ ಕಂಡದ್ದು 37ನೆಯ ವಾರದಲ್ಲಿ ಶೇ. 15.3 ಮಕ್ಕಳಲ್ಲಿ, 38ರಲ್ಲಿ ಶೇ. 11ರಷ್ಟರಲ್ಲಿ, 39ರಲ್ಲಿ ಶೇ. 8ರಷ್ಟರಲ್ಲಿ. ಎರಡು ವಾರದ ಅಂತರದಲ್ಲಿ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಜಾತಕ ಬರೆಸುವವರು ಈ ಲೆಕ್ಕವನ್ನೂ ಒಂದು ಮೂಲೆಯಲ್ಲಿ ಬರೆಸಿಕೊಳ್ಳಲಿ. ತಾಯಿಗೆ ಬಿಪಿ ಏರಿದ್ದರೆ, ಮಗುವಿನ ಬೆಳವಣಿಗೆ ಕುಂಠಿತವಾಗಿದ್ದರೆ ಬೇಗ ಹೆರಿಗೆ ಮಾಡಿಸುವುದೇ ಸರಿ. ಆ ಮಾತೇ ಬೇರೆ. ರೋಹಿಣಿ ನಕ್ಷತ್ರವೇನೂ ವೈದ್ಯಕೀಯ ಕಾರಣವಲ್ಲ.

ಇನ್ನೊಂದು ವಿಷಯ ಹೇಳದೆ ಬಿಡಲಾರೆ. ಆ ಮೂವತ್ತೇಳು ಎನ್ನುವುದಾದರೂ ಎಷ್ಟು ಖಚಿತ? ಮುಟ್ಟಿನ ತಾರೀಕು ಸರಿಯಾಗಿ ನೆನಪಿಲ್ಲದೆ, ಮೂರು ತಿಂಗಳೊಳಗಿನ ಸ್ಕ್ಯಾನಿಂಗ್ ಕೂಡ ಆಗದೆ, ಏಳನೇ ತಿಂಗಳು ಕಳೆದ ಮೇಲೆ ಮೊದಲ ಸ್ಕ್ಯಾನಿಂಗ್‌ಗೆ ಬರುವವರು ನಮ್ಮ ಪಾವಗಡ, ಮಧುಗಿರಿ ಕಡೆಯ ಹಳ್ಳಿಗಳಲ್ಲಿ ಈಗಲೂ ಇದ್ದಾರೆ. ಅಷ್ಟು ತಡವಾದ ಸ್ಕ್ಯಾನಿಂಗ್‌ನ ಲೆಕ್ಕ ಮೂರು ವಾರದವರೆಗೂ ಆಚೀಚೆಯಾಗಬಹುದು. ತಾಯಿ ಕಾರ್ಡಿನಲ್ಲಿ 37 ಎಂದಿರುವ ಮಗು ನಿಜದಲ್ಲಿ 35 ವಾರದ್ದಾಗಿದ್ದರೆ ಜ್ಯೋತಿಷಿಗಳ ಪಂಚಾಂಗಕ್ಕೆ ಅದು ತಿಳಿಯುವುದಿಲ್ಲ.

ನಾನು ನಾಸ್ತಿಕಳೆಂದು ಯಾರೂ ಭಾವಿಸಬೇಡಿ. ರಾಹುಕಾಲ ನೋಡದೆ ಈಗಲೂ ಹೊಸ ಕೆಲಸಕ್ಕೆ ಕೈಹಾಕುವುದಿಲ್ಲ. ನನ್ನ ಮಗಳ ಮದುವೆಗೆ ಮೂರು ಕಡೆ ಜಾತಕ ತೋರಿಸಿದವಳು ನಾನು. ಆದ್ದರಿಂದಲೇ ಮದುವೆ ಮನೆಯಿಂದ ತುಮಕೂರಿಗೆ ಬಂದವಳೇ ಗೋಡೆಯ ಕ್ಯಾಲೆಂಡರು ಇಳಿಸಿ ನೋಡಿದೆ. ಆ ಸೊಸೆಗೆ 39 ತುಂಬುವ ವಾರದಲ್ಲಿ ಮೂಲಾ ಇರುವುದು ಒಂದೇ ದಿನ. ಅದರ ಮುಂದೆ ಪೂರ್ವಾಷಾಢ ಕಳೆದರೆ ಉತ್ತರಾಷಾಢವಿದೆ, ಶ್ರವಣವಿದೆ. ಸಂಬಂಧಿಗೆ ಫೋನ್ ಮಾಡಿ ಅದನ್ನೇ ಹೇಳಿದ್ದೇನೆ. ಡಾಕ್ಟರನ್ನೂ ಜ್ಯೋತಿಷಿಗಳನ್ನೂ ಕೇಳಿ ನೋಡುತ್ತೇವೆ ಎಂದಿದ್ದಾರೆ, ಆ ಕ್ರಮದಲ್ಲೇ ಕೇಳಿ ಎಂದು ನಾನೂ ಹೇಳಿ ಇಟ್ಟಿದ್ದೇನೆ.