ಹೊಲ ನೋಡದೆ ಎಣ್ಣೆ ಕೊಡಬೇಡಿ ಸ್ವಾಮಿ

ಮೆಕ್ಕೆಜೋಳಕ್ಕೆ ಸೈನಿಕ ಹುಳ ಬಿದ್ದಿದೆ ಅಂದರೆ ಸಾಕು, ನಮ್ಮ ದಾವಣಗೆರೆ ಜಿಲ್ಲೆಯ ಜಗಳೂರು ಕಡೆ ಗೊಬ್ಬರದಂಗಡಿಯವರು ಎಣ್ಣೆ, ಅಂದರೆ ಹೊಡೆಯುವ ಔಷಧಿಯ ಬಾಟಲಿ ಇಳಿಸಲು ಶುರು ಮಾಡುತ್ತಾರೆ. ಹುಳಕ್ಕೆ ಒಂದು, ರೋಗಕ್ಕೆ ಒಂದು, ಮೇಲೆ ಒಂದು ಟಾನಿಕ್. ರೋಗ ಎಲ್ಲಿದೆ ಸ್ವಾಮಿ? ನಾನು ಹೇಳಿದ್ದು ಹುಳ! "ಇರಲಿ ತಗೊಳ್ಳಿ, ಜೊತೆಗೇ ಹೊಡೆದುಬಿಡಿ" ಅಂತಾರೆ. ಬೆಳೆ ಎಷ್ಟು ದಿನದ್ದು, ಹುಳ ಎಲೆ ಮೇಲಿದೆಯೋ ಸುಳಿಯೊಳಗೆ ಇಳಿದಿದೆಯೋ, ನೂರು ಗಿಡ ನೋಡಿದರೆ ಎಷ್ಟಕ್ಕೆ ಬಿದ್ದಿದೆ, ಒಂದನ್ನೂ ಕೇಳಲ್ಲ.

ಕೇಳದೆ ಕೊಡೋದು ಹೇಗೆ? ಈ ಫಾಲ್ ಸೈನಿಕ ಹುಳ (ಫಾಲ್ ಆರ್ಮಿವರ್ಮ್) ನಮ್ಮ ದೇಶದಲ್ಲಿ ಮೊದಲು ಕಂಡಿದ್ದೇ ಕರ್ನಾಟಕದಲ್ಲಿ, 2018ರಲ್ಲಿ, ಪಕ್ಕದ ಶಿವಮೊಗ್ಗದ ಹೊಲಗಳಲ್ಲೂ ಆ ವರ್ಷವೇ ಸಿಕ್ಕಿತ್ತು. ಇಷ್ಟು ವರ್ಷ ಮಾರಾಟ ಮಾಡಿಯೂ ಇದರ ಗುಣ ಗೊತ್ತಿಲ್ಲ ಅಂದರೆ ನಂಬಬೇಕಾ? ಮೊಟ್ಟೆಯಿಂದ ಹೊರಬಂದ ಮರಿ ಮೊದಲು ಎಲೆಯ ಹಸಿರು ಕೆರೆದು ತಿನ್ನುತ್ತದೆ, ಬಿಳಿ ಕಲೆ ಬೀಳುತ್ತದೆ. ಹೊಡೆಯಬೇಕಾದ್ದು ಆಗ. ಆಗ ಬೇವಿನ ಔಷಧಿಗೂ ಬಗ್ಗುತ್ತದೆ. ಬೆಳೆದು ಸುಳಿಯೊಳಗೆ ಕೂತು ಮೇಲೆ ಹಿಕ್ಕೆ ತುಂಬಿಕೊಂಡರೆ ಎಷ್ಟು ಸಾವಿರದ ಎಣ್ಣೆ ಸುರಿದರೂ ಒಳಗೆ ಇಳಿಯುವುದೇ ಕಷ್ಟ. ಅದಕ್ಕೆ ಹುಳ ತಿಂದು ಸಾಯುವ ವಿಷ ಪಾಷಾಣ ಬೇಕು. 10 ಕಿಲೋ ಅಕ್ಕಿ ತೌಡಿಗೆ 2 ಕಿಲೋ ಬೆಲ್ಲ ಕಲಸಿ, ಒಂದು ದಿನ ಹುಳಿಯಲು ಬಿಟ್ಟು, ಆಮೇಲೆ ಔಷಧಿ ಸೇರಿಸಿ ಸಂಜೆ ಹೊತ್ತು ಸುಳಿಗೆ ಹಾಕೋದು. ಇದನ್ನು ಯಾವ ಅಂಗಡಿಯವರೂ ಬಾಯಿಬಿಟ್ಟು ಹೇಳಲ್ಲ. ತೌಡು ಬೆಲ್ಲ ಅವರ ಹತ್ತಿರ ಇಲ್ಲವಲ್ಲ! ಪತಂಗ ಯಾವಾಗ ಬಂತು ಅಂತ ತಿಳಿಯಲು ಎಕರೆಗೆ ನಾಲ್ಕೈದು ಮೋಹಕ ಬಲೆ (ವಾಸನೆಯಿಂದ ಪತಂಗ ಸೆಳೆದು ಹಿಡಿಯುವ ಬಲೆ) ಬೇಕು ಅಂದರೆ, ಅದೂ ಇಲ್ಲ.

ಅಳತೆಯದ್ದು ಇನ್ನೊಂದು ಕಥೆ. ಎಮಾಮೆಕ್ಟಿನ್ ಅನ್ನೋ ಹುಳದ ಔಷಧಿ ಲೀಟರ್ ನೀರಿಗೆ 0.4 ಗ್ರಾಂ. ಅಂದರೆ 16 ಲೀಟರ್ ಕ್ಯಾನಿಗೆ ಆರೂವರೆ ಗ್ರಾಂ ಕೂಡ ಆಗಲ್ಲ. ಇವರು ಹೇಳೋದು "ಒಂದು ಚಮಚ ಹಾಕಿ, ಸಾಯದಿದ್ದರೆ ಇನ್ನೊಂದು ಹಾಕಿ". ಯಾವ ಚಮಚ? ಜಾಸ್ತಿ ಹಾಕಿ ಹಾಕಿ ನಾಳೆ ಹುಳ ಅದಕ್ಕೂ ಸಾಯದ ಹಾಗಾದರೆ ಗತಿ ಏನು? ಕ್ಯಾನು ಬೆನ್ನಿಗೆ ಹಾಕಿಕೊಂಡು ಆ ಗಾಳಿ ಕುಡಿಯುವವರು ನಾವು, ಅವರಲ್ಲ.

ಪಕ್ಕದ ಚಿತ್ರದುರ್ಗದ ಈರುಳ್ಳಿಯವರದ್ದೂ ಇದೇ ಗೋಳು. ಎಲೆ ಹಾಳಾಗಿದ್ದು ಥ್ರಿಪ್ಸ್‌ ಕೀಟದಿಂದಲೋ ನೇರಳೆ ಮಚ್ಚೆ ರೋಗದಿಂದಲೋ ಅಂತ ನೋಡುವವರಿಲ್ಲ. ಒಂದಕ್ಕೆ ಕೀಟದ ಔಷಧಿ, ಇನ್ನೊಂದಕ್ಕೆ ಶಿಲೀಂಧ್ರದ್ದು. ಇವರು ಎರಡನ್ನೂ ಕಟ್ಟಿ ಕಳಿಸುತ್ತಾರೆ. ಇನ್ನು ನೋಡಬೇಕಾದ ಅಧಿಕಾರಿಗಳು ಹೊಲಕ್ಕೆ ಬರುವ ಹೊತ್ತಿಗೆ ಹುಳ ತಿಂದು ಮುಗಿಸಿರುತ್ತದೆ, ಬಂದವರು ಫೋಟೋ ತೆಗೆದುಕೊಂಡು ಹೋಗುತ್ತಾರೆ.

ಜನ ಯಾಕೆ ಸುಮ್ನಿರುತ್ತಾರೆ ಅಂದರೆ ಉದ್ರಿ. ಬೀಜ, ಗೊಬ್ಬರ, ಎಣ್ಣೆ ಎಲ್ಲ ಒಂದೇ ಅಂಗಡಿಯಲ್ಲಿ ಬರೆಸಿ, ಕಾಳು ಮಾರಿದ ಮೇಲೆ ಕೊಡೋದು. ಹಾಗಿರುವಾಗ ಎದುರು ಮಾತಾಡೋದು ಯಾರು? ಬಿಲ್ ಕೇಳೋದು ಯಾರು? ಬ್ಯಾಚ್ ನಂಬರ್ ಇರುವ ಬಿಲ್ ಇಲ್ಲದೆ ನಕಲಿ ಮಾಲು ಅಂತ ದೂರು ಕೊಟ್ಟರೆ ನಿಲ್ಲಲ್ಲ, ಅದು ಅವರಿಗೂ ಚೆನ್ನಾಗಿ ಗೊತ್ತು. ಮೊನ್ನೆ ನಾನು ಪಟ್ಟು ಹಿಡಿದು ಬಿಲ್ ಕೇಳಿದೆ. ಆಮೇಲೆ ಯೂರಿಯಾ ಕೇಳಿದರೆ "ಸ್ಟಾಕ್ ಇಲ್ಲ" ಅಂದರು. ಹಿಂದೆ ಚೀಲ ಒಟ್ಟಿದ್ದು ಕಣ್ಣಿಗೆ ಕಾಣುತ್ತಿತ್ತು!

ದಾವಣಗೆರೆ ಸುತ್ತಮುತ್ತ ಬೆಳೆ ಕೇಳಿ ಔಷಧಿ ಕೊಡುವ, ಬಿಲ್ ಹರಿದು ಕೊಡುವ ಅಂಗಡಿ ಯಾವುದಾದರೂ ಇದ್ದರೆ ಹೇಳಿ. ಎಷ್ಟೇ ದೂರ ಆಗಲಿ, ಗಾಡಿ ಹತ್ತಿ ಅಲ್ಲಿಗೇ ಹೋಗುತ್ತೇನೆ.